ಮೇ ತಿಂಗಳಿಂದ ಹಿಂದಕ್ಕೆ ಎಣಿಸಿ: ಕಲಬುರಗಿಯ ಮನೆಯಲ್ಲೊಂದು ಹವಳದ ಟ್ಯಾಂಕ್

ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ. ಹೊರಗೆ 43 ಡಿಗ್ರಿ, ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯಲ್ಲಿ 37. ಕರೆಂಟ್ ಹೋಗಿ ಅರ್ಧ ತಾಸಾಗಿದೆ. ಕಲಬುರಗಿಯಲ್ಲಿ ಹವಳದ ಟ್ಯಾಂಕ್, ಅಂದರೆ ಕಡಲ ಹವಳ ಮತ್ತು ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ, ಕಟ್ಟಬೇಕೆನ್ನುವವರು ಮೊದಲು ಈ ಗಳಿಗೆಯನ್ನು ಕಣ್ಮುಂದೆ ತಂದುಕೊಳ್ಳಬೇಕು. ಆಗಲೂ ನೀರು 27 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು, ಅಲೆ ನಿಲ್ಲಬಾರದು, ಉಪ್ಪಿನ ಪ್ರಮಾಣ ಕದಲಬಾರದು. ಇದಕ್ಕೆ ಉತ್ತರ ಸಿಕ್ಕಿದರೆ ಗಾಜಿನ ಅಳತೆ, ಪಂಪು, ಕಲ್ಲು, ಮೀನು ಎಲ್ಲವೂ ಅದರ ಬೆನ್ನಿಗೇ ತೀರ್ಮಾನವಾಗುತ್ತವೆ. ಕಡಲತೀರದ ಊರಿನವರಿಗೆ ಹೇಳಿದ ಸಲಹೆಯನ್ನು ನಮ್ಮ ಕಡೆ ಹಾಗೇ ಪಾಲಿಸಿದರೆ ಟ್ಯಾಂಕ್ ಮೊದಲ ಬೇಸಿಗೆಯಲ್ಲೇ ಕೈಕೊಡುತ್ತದೆ. ಅಲ್ಲಿಯ ಗಾಳಿ ಬೇರೆ, ನೀರು ಬೇರೆ, ಮಣ್ಣೂ ಬೇರೆ.

ಅಳತೆಯಿಂದ ಶುರು ಮಾಡೋಣ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ಟ್ಯಾಂಕಿನಲ್ಲಿ ಸುಮಾರು 680 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಕಳೆದು, ಕೆಳಗಿನ ಸಂಪ್‌ನ (ಟ್ಯಾಂಕಿನಿಂದ ಉಕ್ಕಿ ಇಳಿದ ನೀರನ್ನು ಹಿಡಿದು, ಪಂಪಿನಿಂದ ಮತ್ತೆ ಮೇಲಕ್ಕೆ ಕಳಿಸುವ ಎರಡನೆಯ ತೊಟ್ಟಿಯ) ನೀರು ಕೂಡಿಸಿದರೆ ಒಟ್ಟು 750 ಲೀಟರ್ ಎಂದು ಇಟ್ಟುಕೊಳ್ಳಿ. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೆಯೇ. ನಮ್ಮ ಬಿಸಿಲಿಗೆ ದೊಡ್ಡ ಟ್ಯಾಂಕೇ ಲೇಸು. 100 ಲೀಟರಿನ ಟ್ಯಾಂಕ್ ಒಂದು ಮಧ್ಯಾಹ್ನದಲ್ಲಿ ಕಾದು ಹೋಗುತ್ತದೆ. 750 ಲೀಟರ್ ಕಾಯಲು ದಿನ ಬೇಕು, ಅಷ್ಟರಲ್ಲಿ ರಾತ್ರಿಯ ತಂಪು ಬಂದಿರುತ್ತದೆ.

ಭಾರದ ಮಾತು. ನೀರು, 12 ಮಿ.ಮೀ. ಗಾಜು, 45 ಕಿಲೋ ಕಲ್ಲು, 40 ಕಿಲೋ ಮರಳು, ಕಬ್ಬಿಣದ ಸ್ಟ್ಯಾಂಡ್, ಸಂಪ್ ಎಲ್ಲ ಸೇರಿ 1100ರಿಂದ 1200 ಕಿಲೋ ಆಗುತ್ತದೆ. ಅದು ಕೂರುವ ಜಾಗ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ವಾಸದ ಮನೆಯ ಸ್ಲ್ಯಾಬಿಗೆ ಎಂಜಿನಿಯರುಗಳು ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ ಮಾತ್ರ. ಆದ್ದರಿಂದ ಮೇಲಂತಸ್ತಿನಲ್ಲಿ ಇಡುವ ಮುನ್ನ ಬೀಮ್ ಎಲ್ಲಿ ಹೋಗಿದೆ ಎಂದು ಎಂಜಿನಿಯರಿಂದ ತೋರಿಸಿಕೊಳ್ಳಲೇಬೇಕು. ನೆಲಮಹಡಿಯೇ ಒಳ್ಳೆಯದು. ಆದರೆ ಇಲ್ಲಿಯ ನೆಲಮಹಡಿಗೂ ಒಂದು ಗುಟ್ಟಿದೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಫರಸಿಯ ಕೆಳಗೆ ಮುರುಂ ಸರಿಯಾಗಿ ತುಂಬದೆ ಎರೆಮಣ್ಣನ್ನೇ ಬಿಟ್ಟಿದ್ದರೆ, ಒಂದು ಟನ್ ಭಾರ ಕೂತ ಮೂಲೆ ಎರಡು ವರ್ಷದಲ್ಲಿ ಕುಸಿಯುತ್ತದೆ. ಒಂದು ಕಡೆ 5 ಮಿ.ಮೀ. ಇಳಿದರೂ ಸಾಕು, ಗಾಜಿನ ತಳ ತಿರುಚಿ ಮೂಲೆಯ ಸಿಲಿಕೋನ್ ಬಾಯಿಬಿಡುತ್ತದೆ. ಸ್ಟ್ಯಾಂಡ್ ಕೂರುವ ಜಾಗದ ಫರಸಿ ಕಿತ್ತು, ಕೆಳಗೆ ಏನಿದೆ ಎಂದು ನೋಡಿ, ಮುರುಂ ದಿಮ್ಮಸು ಮಾಡಿಸಿ, ಸರಳಿನ ಜಾಳಿಗೆ ಹಾಕಿ 4 ಇಂಚು ಕಾಂಕ್ರೀಟ್ ಹಾಕಿಸಿ, ಮತ್ತೆ ಫರಸಿ ಕೂರಿಸಿ. ಗೌಂಡಿಗೆ ಎರಡು ದಿನದ ಕೆಲಸ. ಸ್ಟ್ಯಾಂಡಿನ ನಾಲ್ಕೂ ಮೂಲೆಯನ್ನು ಅವರ ನೀರಿನ ಲೆವೆಲ್ ಪೈಪಿನಿಂದಲೇ ಹಿಡಿಸಿ. 6 ಅಡಿ ದೂರಕ್ಕೆ ಅದರಷ್ಟು ಸುಲಭವಾಗಿ, ಸರಿಯಾಗಿ ತೋರಿಸುವ ಸಾಧನ ಇನ್ನೊಂದಿಲ್ಲ.

ಸ್ಟ್ಯಾಂಡ್ 2 ಇಂಚಿನ ಚೌಕದ ಕಬ್ಬಿಣದ ಪೈಪಿನಲ್ಲಿ, 3 ಮಿ.ಮೀ. ದಪ್ಪದ್ದು, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಎಪಾಕ್ಸಿ ಬಣ್ಣ ಎರಡು ಕೈ ಹೊಡೆಸಿ. ಉಪ್ಪಿನ ಹನಿ ಮಾಮೂಲು ಬಣ್ಣವನ್ನು ಆರು ತಿಂಗಳಲ್ಲಿ ತಿನ್ನುತ್ತದೆ. ಅದರ ಮೇಲೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, ಅದರ ಮೇಲೆ 10 ಮಿ.ಮೀ. ಫೋಮ್ ಶೀಟ್, ಆಮೇಲೆ ಗಾಜು. ಅಂಟಿಸುವ ಸಿಲಿಕೋನ್ ಬೂಸು ತಡೆಯುವ ಔಷಧ ಬೆರೆಸಿದ ಬಾತ್‌ರೂಮ್ ಸಿಲಿಕೋನ್ ಆಗಬಾರದು. ಆ ಔಷಧವೇ ಒಳಗಿನ ಜೀವಿಗಳಿಗೆ ವಿಷ. ಅಂಟು ಒಣಗಲು ಕನಿಷ್ಠ ಒಂದು ವಾರ. ಆಮೇಲೆ ಅದೇ ಜಾಗದಲ್ಲಿ, ಅದೇ ಸ್ಟ್ಯಾಂಡಿನ ಮೇಲೆ ಸಾದಾ ನೀರು ತುಂಬಿ ಮೂರು ದಿನ ಬಿಟ್ಟು, ಮೂಲೆಗಳ ಕೆಳಗೆ ಪೇಪರ್ ಹಾಸಿ ನೋಡಬೇಕು.

ಪೈಪಿನ ಕೆಲಸದಲ್ಲಿ ಕಣ್ಣಿಡಬೇಕಾದ್ದು ಎರಡು. ಒಂದು, ನಲ್ಲಿ ಅಂಗಡಿಯವರು ಗಟ್ಟಿ ಬಾಳಿಕೆ ಎಂದು ಕೊಡುವ ಗನ್‌ಮೆಟಲ್ ಅಥವಾ ಹಿತ್ತಾಳೆಯ ವಾಲ್ವ್ ಒಂದನ್ನೂ ಹಾಕಬಾರದು. ಎರಡರಲ್ಲೂ ತಾಮ್ರವಿದೆ, ಉಪ್ಪುನೀರು ಅದನ್ನು ಕರಗಿಸುತ್ತದೆ, ಸೀಗಡಿ, ಬಸವನಹುಳು, ಹವಳಕ್ಕೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ಕೊಲ್ಲುವ ವಿಷ. ಎಲ್ಲವೂ ಪಿವಿಸಿಯೇ ಇರಲಿ. ಎರಡು, ಕರೆಂಟ್ ಹೋದಾಗ ಮೇಲಿನ ನೀರು ಎಷ್ಟು ಕೆಳಗಿಳಿಯುತ್ತದೆ ಎಂಬ ಲೆಕ್ಕ. ಈ ಅಳತೆಯ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 11 ಲೀಟರ್. ನೀರು ಮರಳಿಸುವ ಪೈಪಿನ ಬಾಯಿ ಮೇಲ್ಮೈಯಿಂದ 3 ಸೆಂ.ಮೀ. ಕೆಳಗಿದ್ದರೆ, ಪಂಪು ನಿಂತ ಕೂಡಲೇ ಅದೇ ಪೈಪು ಹಿಮ್ಮುಖವಾಗಿ ಸೆಳೆದು 33 ಲೀಟರ್ ಸಂಪಿಗೆ ಸುರಿಯುತ್ತದೆ. ಇದಕ್ಕೆ ಟ್ಯಾಂಕಿನಿಂದ ಉಕ್ಕುವ ನೀರು ಮೊದಲು ಬೀಳುವ ಓವರ್‌ಫ್ಲೋ ಪೆಟ್ಟಿಗೆಯಲ್ಲಿದ್ದ ನೀರನ್ನೂ ಸೇರಿಸಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಸಂಪ್ 250 ಲೀಟರ್ ಹಿಡಿಯುತ್ತದೆ. ಅದರಲ್ಲಿ 150 ಲೀಟರ್ ಮಾತ್ರ ಓಡಿಸಿ, 100 ಲೀಟರ್ ಖಾಲಿ ಬಿಡಿ. ಹಿಂತಿರುಗದಂತೆ ತಡೆಯುವ ಎನ್‌ಆರ್‌ವಿ ವಾಲ್ವನ್ನು ನಂಬಬೇಡಿ. ಒಂದು ಬಸವನಹುಳು ಅದರ ಬಾಯಲ್ಲಿ ಕೂತರೆ ಸಾಕು, ನೀರು ಪಡಸಾಲೆಗೆ ಬರುತ್ತದೆ. ನೀರು ಇಳಿಯಲು ಒಂದೂವರೆ ಇಂಚಿನ ಎರಡು ಪೈಪು ಇರಲಿ: ಒಂದು ಪೂರ್ತಿ ತುಂಬಿ ಸದ್ದಿಲ್ಲದೆ ಇಳಿಯುವುದಕ್ಕೆ, ಇನ್ನೊಂದು ಅದು ಕಟ್ಟಿಕೊಂಡ ದಿನಕ್ಕೆ.

ಇನ್ನು ಬಿಸಿಲು. ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ. ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಿದ್ದು, ಬೆಳಕಿನಿಂದ ಆಹಾರ ಮಾಡಿ ಅದಕ್ಕೆ ಉಣಿಸುತ್ತದೆ. ನೀರು ದಿನಗಟ್ಟಲೆ 30 ಡಿಗ್ರಿ ಮೀರಿ ನಿಂತರೆ ಹವಳ ಆ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತದೆ, ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದ ಕಡಲಿನಲ್ಲೇ 1998, 2010, 2016ರಲ್ಲಿ ಹೀಗಾಗಿದೆ. ಬಿಸಿಯಾದ ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿಯೂ ಕಡಿಮೆ: ಕಡಲಿನ ಉಪ್ಪಿರುವ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ 6.2. ಅದೇ ಹೊತ್ತಿಗೆ ಮೀನಿನ ಉಸಿರಾಟ ಏರಿರುತ್ತದೆ.

ಆದರೆ ನಮ್ಮ ಬಿಸಿಲಿಗೆ ಒಂದು ದೊಡ್ಡ ಗುಣವಿದೆ. ಅದು ಒಣ ಬಿಸಿಲು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖವನ್ನು ತನ್ನೊಂದಿಗೆ ಒಯ್ಯುತ್ತದೆ. ಸಂಪ್ ಮತ್ತು ಟ್ಯಾಂಕಿನ ಮೇಲ್ಮೈಗೆ ಓರೆಯಾಗಿ ನಾಲ್ಕಾರು ಸಣ್ಣ ಫ್ಯಾನ್ ಬೀಸಿದರೆ ಏಪ್ರಿಲ್‌ನಲ್ಲಿ ದಿನಕ್ಕೆ 12 ಲೀಟರ್ ಆವಿಯಾಗುವುದು ಕಷ್ಟವಲ್ಲ. ಅಂದರೆ ದಿನಕ್ಕೆ 8 ಯೂನಿಟ್ ಶಾಖ ನೀರಿನಿಂದ ಹೊರಗೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದರ ಅರ್ಧವೂ ಸಾಧ್ಯವಿಲ್ಲ. ಕೋಣೆ 32 ಡಿಗ್ರಿ ಇದ್ದರೆ ಫ್ಯಾನೊಂದರಿಂದಲೇ ನೀರನ್ನು 27-28ರಲ್ಲಿ ಹಿಡಿಯಬಹುದು. ಕೋಣೆ 37 ಆದರೆ ಆಗದು. ಅದಕ್ಕಾಗಿ ಟ್ಯಾಂಕಿಗೆ ಪಶ್ಚಿಮದ ಗೋಡೆಯ ಕೋಣೆ ಬೇಡ, ಮೇಲಿನ ಮಾಳಿಗೆಗೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿಸಿ. ಹಳೆಯ ಕಲ್ಲುಗೋಡೆಯ ಮನೆಯ ನಡುಕೋಣೆ ಸಿಕ್ಕರೆ ಅದೇ ಶ್ರೇಷ್ಠ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ಆ ಕೋಣೆಗೆ ಕೂಲರ್ ಹಚ್ಚುತ್ತಾರೆ. ಕೂಲರ್ ಮನುಷ್ಯರಿಗೆ ತಂಪು ಕೊಡುವುದು ಗಾಳಿಗೆ ತೇವ ತುಂಬಿ. ಗಾಳಿ ತೇವವಾದ ಕೂಡಲೇ ಟ್ಯಾಂಕಿನ ನೀರು ಆವಿಯಾಗುವುದು ನಿಲ್ಲುತ್ತದೆ, ಫ್ಯಾನ್ ಬರೀ ಸದ್ದು ಮಾಡುತ್ತದೆ. ಕೂಲರ್ ಇಡಲೇಬೇಕಾದರೆ ಎದುರು ಕಿಟಕಿ ಪೂರ್ತಿ ತೆರೆದಿಡಿ. ಚಿಲ್ಲರ್ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಈ ಗಾತ್ರಕ್ಕೆ ಅರ್ಧ ಎಚ್‌ಪಿಯದು ಬೇಕು, ಅದು ನೀರಿನಿಂದ ತೆಗೆದ ಶಾಖವನ್ನು ಅದೇ ಕೋಣೆಗೆ ಉಗುಳುತ್ತದೆ, 40 ಡಿಗ್ರಿ ದಾಟಿದ ಗಾಳಿಯಲ್ಲಿ, ನಮ್ಮ ಧೂಳಿನಲ್ಲಿ ಅದರ ಜಾಳಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತದೆ. ಅದೇ ದುಡ್ಡಿಗೆ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿ 30ಕ್ಕೆ ಇಟ್ಟರೆ, ಗಾಳಿ ಒಣಗಿಯೇ ಇರುತ್ತದೆ, ಫ್ಯಾನ್ ಉಳಿದದ್ದನ್ನು ನೋಡಿಕೊಳ್ಳುತ್ತದೆ, ಮನೆಯವರಿಗೂ ನೆರಳಾಗುತ್ತದೆ. ಹಿಮದ ಬಾಟಲಿ ತೇಲಿಬಿಡುವುದು ಆಪತ್ತಿಗೆ ಮಾತ್ರ. ತಾಸಿಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಸಬಾರದು.

ಚಳಿಗಾಲವನ್ನೂ ಮರೆಯಬಾರದು. ಬೀದರಿನ ಡಿಸೆಂಬರ್ ರಾತ್ರಿ 12 ಡಿಗ್ರಿಗೆ ಇಳಿಯುವುದು ಸಾಮಾನ್ಯ. 300 ವ್ಯಾಟಿನ ಎರಡು ಹೀಟರ್ ಇಡಿ, 600ರ ಒಂದೇ ಬೇಡ. ಹೀಟರ್ ಕೆಡುವುದು ಬಹುತೇಕ ಉರಿಯುತ್ತಲೇ ಉಳಿದು. 600 ವ್ಯಾಟ್ ಒಂದು ರಾತ್ರಿಯಲ್ಲಿ ಟ್ಯಾಂಕನ್ನೇ ಬೇಯಿಸಬಲ್ಲದು, 300 ಅಷ್ಟು ಬೇಗ ಮಾಡಲಾರದು. ಎರಡನ್ನೂ ಹೊರಗಿನ ಒಂದು ಥರ್ಮೋಸ್ಟಾಟ್ ಮೂಲಕ ಕೊಡಿ.

ಕರೆಂಟ್ ಹೋದಾಗ ಮೊದಲು ಬೀಳುವುದು ಆಮ್ಲಜನಕ. ಬಿಸಿ, ಕತ್ತಲೆ ತಡೆದುಕೊಳ್ಳಬಹುದು. ನಿಂತ ನೀರು ಬೇಸಿಗೆಯಲ್ಲಿ ಎರಡು ಮೂರು ತಾಸಿಗೇ ಮೀನನ್ನು ಮೇಲಕ್ಕೆ ತರುತ್ತದೆ. ಹಾಗಾಗಿ ಇನ್ವರ್ಟರಿಗೆ ಎಲ್ಲವನ್ನೂ ಜೋಡಿಸಬೇಡಿ. ಅಲೆ ಎಬ್ಬಿಸುವ ಎರಡು ಪಂಪಿಗೆ 40 ವ್ಯಾಟ್, ಮರಳಿಸುವ ಪಂಪಿಗೆ 50 ಇಷ್ಟೇ. 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್-ತಾಸು ಇದೆ ಎಂದರೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಪರಿವರ್ತನೆಯ ನಷ್ಟ ಕಳೆದು ಎಂಟು ತಾಸು ಸಿಗುತ್ತದೆ. ಇನ್ವರ್ಟರ್ ಸೈನ್ ವೇವ್‌ನದೇ ಇರಬೇಕು. ಚೌಕ ಅಲೆಯ ಹಳೆಯ ಇನ್ವರ್ಟರಿನಲ್ಲಿ ಮಾಮೂಲು ಕರೆಂಟಿನ ಪಂಪು ಗುಂಯ್ಗುಟ್ಟಿ, ಬಿಸಿಯಾಗಿ, ಆ ಬಿಸಿಯನ್ನು ನೀರಿಗೇ ಕೊಡುತ್ತದೆ. ಟ್ಯಾಂಕಿನ ಇಡೀ ಲೈನಿಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಒಳ್ಳೆಯ ಅರ್ಥಿಂಗ್ ಕಡ್ಡಾಯ. ಉಪ್ಪುನೀರಿಗೂ ಕರೆಂಟಿಗೂ ನಡುವೆ ನಿಲ್ಲುವುದು ನಮ್ಮ ಕೈ.

ನೀರು ಎಲ್ಲಿಂದ? ಬೋರಿನ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ. ಸಾವಿರದ ಆಸುಪಾಸು ತೋರಿಸಿದರೆ ಅಚ್ಚರಿಪಡಬೇಕಿಲ್ಲ. ಆ ನೀರಿನ ನೈಟ್ರೇಟು, ಸಿಲಿಕ ಪಾಚಿಗೆ ಗೊಬ್ಬರ. ಆರ್‌ಒ ಪೊರೆ ನೂರಕ್ಕೆ 95ರಿಂದ 97 ಭಾಗ ತಡೆಯುತ್ತದೆ ಎಂದರೂ 30ರಿಂದ 50 ಉಳಿಯುತ್ತದೆ. ಅದನ್ನು ಸೊನ್ನೆಗೆ ತರಲು ಉಳಿದ ಲವಣ ಹೀರುವ ಡಿಐ ರಾಳದ ಇನ್ನೊಂದು ಕೊಳವೆ ಬೇಕು. ಅಡುಗೆಮನೆಯ ಪ್ಯೂರಿಫೈಯರಿನಿಂದ ಹಿಡಿಯುವವರು ಅದರ ಒಳಗೆ ಏನಿದೆ ನೋಡಬೇಕು. ಬಹಳಷ್ಟರಲ್ಲಿ ರುಚಿಗಾಗಿ ಕಚ್ಚಾ ನೀರನ್ನು ಮತ್ತೆ ಬೆರೆಸುವ ವಾಲ್ವ್ ಇರುತ್ತದೆ, ಖನಿಜ ಸೇರಿಸುವ ಕೊಳವೆ ಇರುತ್ತದೆ, ಕೆಲವದರಲ್ಲಿ ತಾಮ್ರದ ಕೊಳವೆಯೇ ಇರುತ್ತದೆ. ಕುಡಿಯಲು ಒಳ್ಳೆಯದೆಂದು ಹಾಕಿದ ಆ ತಾಮ್ರ ಟ್ಯಾಂಕಿನ ಸೀಗಡಿಗಳನ್ನು ಕೊಲ್ಲುತ್ತದೆ. ಪೊರೆಯಿಂದ ಹೊರಬಂದ ಕೂಡಲೇ, ಈ ಕೊಳವೆಗಳಿಗೆ ಮೊದಲೇ, ಒಂದು ಟಿ ಹಾಕಿ ನೀರು ತೆಗೆಯಿರಿ. ಎಸಿಯಿಂದ ತೊಟ್ಟಿಕ್ಕುವ ನೀರು ಭಟ್ಟಿ ಇಳಿಸಿದಂತೆ ಶುದ್ಧವಾಗಿ ಕಂಡರೂ ಅದು ತಾಮ್ರದ ಸುರುಳಿ, ಧೂಳು ತೊಳೆದು ಬಂದದ್ದು, ಅದೂ ಬೇಡ.

ಉಪ್ಪು ಅಂದರೆ ಅಕ್ವೇರಿಯಂ ಕಂಪನಿಗಳ ರೀಫ್ ಸಾಲ್ಟ್, ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರ ಇಲ್ಲದ ಬರೀ ಉಪ್ಪಿನಲ್ಲಿ ಕಡಲು ಆಗುವುದಿಲ್ಲ. 750 ಲೀಟರಿಗೆ ಸುಮಾರು 28 ಕಿಲೋ ಬೇಕು. ಗುರಿ ಸಾವಿರಕ್ಕೆ 35, ಸಾಂದ್ರತೆಯಲ್ಲಿ 1.026. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಹಿಡಿಯುತ್ತದೆ. ಪಂಪು ಹಚ್ಚಿ ಒಂದು ದಿನ ತಿರುಗಲಿ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಸಾದಾ ನೀರಿನಿಂದ ಸೊನ್ನೆ ಮಾಡಿ ನಂಬಬೇಡಿ, 35ರ ದ್ರಾವಣದಿಂದ ಹೊಂದಿಸಿ.

ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ 12 ಲೀಟರ್ ಹೋದರೆ ಮೂರು ದಿನಕ್ಕೆ 35 ಇದ್ದದ್ದು 36.8 ಆಗುತ್ತದೆ. ಆದ್ದರಿಂದ ಸಿಹಿನೀರನ್ನು ತಾನಾಗಿ ತುಂಬಿಕೊಳ್ಳುವ ಎಟಿಒ ಬೇಕೇ ಬೇಕು. ಅದಕ್ಕೆ 60 ಲೀಟರಿನ ಬೇರೆ ಡ್ರಮ್ ಇಡಿ: ಮನೆಮಂದಿ ಊರಿಗೆ ಹೋದರೂ ಐದು ದಿನಕ್ಕೆ ಸಾಕು. ಮಾಳಿಗೆಯ ಟ್ಯಾಂಕಿಗೆ ನೇರ ಜೋಡಿಸುವ ಸೋಮಾರಿತನ ಮಾಡಬೇಡಿ. ಸೆನ್ಸರ್ ಅಂಟಿಕೊಂಡ ದಿನ 60 ಲೀಟರ್ ಪೂರ್ತಿ ಸುರಿದರೂ ಉಪ್ಪು 32ರ ಸುಮಾರಿಗೆ ನಿಲ್ಲುತ್ತದೆ, ಜೀವ ಉಳಿಯುತ್ತದೆ. ಮಾಳಿಗೆಯ ಸಾವಿರ ಲೀಟರ್ ಸುರಿದರೆ ಏನೂ ಉಳಿಯುವುದಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ ನಮ್ಮ ಕಾಲ ಕೆಳಗಿನದ್ದೇ ನೆನಪಾಗುತ್ತದೆ. ಶಹಾಬಾದ್ ಫರಸಿ ಅಂದರೆ ಸುಣ್ಣದ ಕಲ್ಲು, ಹವಳ ಎಂಬ ಜೀವ ಹುಟ್ಟುವುದಕ್ಕೂ ಮೊದಲಿನ, ಕೋಟ್ಯಂತರ ವರ್ಷ ಹಿಂದಿನ ಆಳವಿಲ್ಲದ ಕಡಲಿನ ತಳ. ಮನೆಯ ನೆಲವೇ ಹಳೆಯ ಕಡಲು. ಅದನ್ನೇ ಒಡೆದು ಟ್ಯಾಂಕಿಗೆ ಹಾಕಬಹುದೇ? ಹಾಕಿದರೆ ಕೆಡುಕಿಲ್ಲ: 8ರ ಮೇಲಿನ ಪಿಎಚ್‌ನಲ್ಲಿ ಅದು ಕರಗುವುದಿಲ್ಲ, ಆದ್ದರಿಂದ ನೀರಿಗೆ ಕ್ಯಾಲ್ಸಿಯಂ ಕೊಡುತ್ತದೆ ಎಂಬುದೂ ಸುಳ್ಳು. ಆದರೆ ಅದು ಗಟ್ಟಿ, ರಂಧ್ರವಿಲ್ಲದ್ದು. ನಮಗೆ ಬೇಕಾದ್ದು ಸ್ಪಂಜಿನಂಥ ಕಲ್ಲು. ಅದರ ಒಳಗಿನ ಮೈಯಲ್ಲೇ ಮೀನಿನ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯ ಕೂರುವುದು. ಫರಸಿಯ ಎರಡು ತುಂಡು ಅಡಿಪಾಯಕ್ಕೆ ಇಡಿ, ಅಷ್ಟೇ. ಬೀದರಿನ ಕೆಂಪು ಕಲ್ಲಿನಲ್ಲಿ ರಂಧ್ರ ಬೇಕಾದಷ್ಟಿದೆ, ಕಬ್ಬಿಣವೂ ಬೇಕಾದಷ್ಟಿದೆ. ಅದು ಉದುರುತ್ತದೆ, ಬೇಡವೇ ಬೇಡ. ಭೀಮಾ ನದಿಯ ಮರಳೂ ಬೇಡ; ಸುಣ್ಣದಂಶದ ಅರಗೊನೈಟ್ ಮರಳು 1-2 ಮಿ.ಮೀ. ಕಾಳಿನದು 40 ಕಿಲೋ, ಎರಡೂವರೆ ಸೆಂ.ಮೀ. ದಪ್ಪ ಹಾಸಿಗೆ. ಕಲ್ಲು ಮೊದಲು ಗಾಜಿನ ಮೇಲೆ ಕೂರಲಿ, ಮರಳು ಆಮೇಲೆ ಸುತ್ತ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಮೀನು, ಸೀಗಡಿ ಅದನ್ನು ಉರುಳಿಸುತ್ತವೆ. ಹಿಂದಿನ ಗಾಜಿಗೆ ತಾಗಿಸಿ ಗೋಡೆ ಕಟ್ಟಬೇಡಿ, ಸುತ್ತ ನೀರು ಹರಿಯುವ ಎರಡು ಗುಡ್ಡ ಮಾಡಿ.

ಈ ಕಲ್ಲು ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲೇ ಆಗಿರಬೇಕು. ಇಲ್ಲಿ ಕಾನೂನಿನ ಮಾತು ಬಿಡಿಸಿ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಕಡಲ ಬೀಸಣಿಗೆ ಕೂಡ. ಕಡಲ ಕುದುರೆ, ಕಡಲ ಸೌತೆ, ಕೆಲವು ಜಾತಿಯ ದೈತ್ಯ ಚಿಪ್ಪುಗಳಿಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಹುಲಿಗೆ ಇರುವ ರಕ್ಷಣೆಯೇ ಈ ಹವಳಗಳಿಗೂ. ನಮ್ಮ ಕಡಲಿನಿಂದ ಕಿತ್ತ ಲೈವ್ ರಾಕ್ (ಜೀವಿಗಳು ಕೂತ ಕಡಲ ಕಲ್ಲು) ಅಥವಾ ಗಟ್ಟಿ ಹವಳವನ್ನು ಯಾರು ಎಷ್ಟಕ್ಕೆ ಕೊಟ್ಟರೂ ಮುಟ್ಟಬಾರದು. ವಿದೇಶದಿಂದ ಬಂದ ಗಟ್ಟಿ ಹವಳ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿದೆ. ಆಮದಿನ ಕಾಗದವಿಲ್ಲದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ ನೋಂದಣಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ನಮ್ಮ ರಾಜ್ಯದ್ದೇ ಹವಳವಿದೆ. ಅದು ಅಲ್ಲೇ ಇರಲಿ. ಹಾಗಾಗಿ ಈ ಟ್ಯಾಂಕನ್ನು ಮೆದು ಹವಳಕ್ಕಾಗಿಯೇ ಕಟ್ಟಿ: ಗುಂಡಿಯಂತೆ ಹರಡುವ ಜೋಯಾಂಥಿಡ್, ಅಣಬೆ ಹವಳ, ಚರ್ಮದಂಥ ಸಾರ್ಕೋಫೈಟನ್, ಮಿಡಿಯುವ ಜೀನಿಯಾ. ಬೇರೆಯವರ ಟ್ಯಾಂಕಿನಲ್ಲಿ ಬೆಳೆದು ಕತ್ತರಿಸಿದ ತುಂಡುಗಳನ್ನೇ ತನ್ನಿ. ಇವು ನಮ್ಮ ಬೇಸಿಗೆಯ ಏರುಪೇರನ್ನೂ ಗಟ್ಟಿ ಹವಳಕ್ಕಿಂತ ಚೆನ್ನಾಗಿ ತಾಳುತ್ತವೆ.

ನೀರು, ಕಲ್ಲು, ಮರಳು ಕೂತ ಮೇಲೆ ಬ್ಯಾಕ್ಟೀರಿಯ ಬೆಳೆಸಬೇಕು. ಸತ್ತ ಸೀಗಡಿ ಹಾಕಿ ನಾರಿಸುವುದಕ್ಕಿಂತ ಅಮೋನಿಯಂ ಕ್ಲೋರೈಡ್ ಅಳೆದು ಹಾಕುವುದು ಶುಚಿ. ಇದು ಬೇರೇನೂ ಅಲ್ಲ, ಬೀದರಿನ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ಬೆರೆಸಿ ಪಾತ್ರೆಯನ್ನು ಕಪ್ಪಾಗಿಸುವ ನವಸಾಗರ. ಆದರೆ ಸಂತೆಯ ನವಸಾಗರದಲ್ಲಿ ಲೋಹದ ಕಲಬೆರಕೆ ಇರಬಹುದು, ಪ್ರಯೋಗಾಲಯ ದರ್ಜೆಯದೇ ತನ್ನಿ. 750 ಲೀಟರಿಗೆ ನಾಲ್ಕೂವರೆ ಗ್ರಾಂ ಹಾಕಿದರೆ ಅಮೋನಿಯ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಜೊತೆಗೆ ಬಾಟಲಿಯ ಬ್ಯಾಕ್ಟೀರಿಯ. ಮೊದಲು ಅಮೋನಿಯ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿದು ನೈಟ್ರೇಟ್ ಉಳಿಯುತ್ತದೆ. ಇನ್ನೊಮ್ಮೆ ನಾಲ್ಕೂವರೆ ಗ್ರಾಂ ಹಾಕಿ 24 ತಾಸಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ಸಿದ್ಧ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ಹೊತ್ತಿನಲ್ಲಿ ದೀಪ ಹಚ್ಚಬೇಡಿ, ಪಾಚಿಗೆ ಆಹ್ವಾನ ಕೊಟ್ಟಂತೆ.

ದೀಪ ಹಚ್ಚಿದ ಮೇಲೆ ಕಂದು ಪುಡಿಯಂಥ ಡಯಾಟಮ್ ಬರುತ್ತದೆ, ಬಂದು ಹೋಗುತ್ತದೆ. ಆಮೇಲೆ ಹಸಿರು ಕೂದಲು ಪಾಚಿ. ಇಲ್ಲಿ ಗಾಬರಿಯಾದವರು ಫಾಸ್ಫೇಟ್ ಹೀರುವ ಪುಡಿ ಹಾಕಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ತರುತ್ತಾರೆ. ಆಗ ಬರುವುದು ಡೈನೋಫ್ಲಾಜೆಲೇಟ್: ಗುಳ್ಳೆ ಹಿಡಿದ ಸಿಂಬಳದಂಥ ಕಂದು ಎಳೆ, ರಾತ್ರಿ ಮಾಯವಾಗಿ ಬೆಳಿಗ್ಗೆ ಮತ್ತೆ ಹಾಜರು. ಕೂದಲು ಪಾಚಿಯನ್ನು ಕೈಯಿಂದ ಕೀಳಬಹುದು, ಇದನ್ನು ಓಡಿಸಲು ತಿಂಗಳುಗಳು ಬೇಕು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಹಸಿದ ನೀರು ಶುದ್ಧ ನೀರಲ್ಲ. ಕ್ಷಾರ 8ರಿಂದ 9 ಡಿಕೆಎಚ್ (ಕ್ಷಾರ ಅಳೆಯುವ ಡಿಗ್ರಿ), ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ. ಮೆದು ಹವಳದ ಟ್ಯಾಂಕಿಗೆ ಎರಡು ವಾರಕ್ಕೊಮ್ಮೆ 75 ಲೀಟರ್ ನೀರು ಬದಲಿಸುವುದರಿಂದಲೇ ಇವು ಬಹುತೇಕ ನಿಲ್ಲುತ್ತವೆ. ಕ್ಷಾರ ಒಂದು ಡಿಗ್ರಿ ಇಳಿದಿದ್ದರೆ 22 ಗ್ರಾಂ ಅಡುಗೆ ಸೋಡಾ ಶುದ್ಧ ನೀರಿನಲ್ಲಿ ಕರಗಿಸಿ ಎರಡು ದಿನಕ್ಕೆ ಹಂಚಿ ಹಾಕಿ. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಅಲ್ಲ. ಸುಣ್ಣದ ತಿಳಿಯನ್ನು ಎಟಿಒ ಡ್ರಮ್ಮಿಗೆ ಬೆರೆಸುವ ಪದ್ಧತಿ ನಮ್ಮಲ್ಲಿ ಅಪಾಯ. ಜನವರಿಯಲ್ಲಿ ದಿನಕ್ಕೆ 4 ಲೀಟರ್ ಹೋಗುತ್ತಿದ್ದದ್ದು ಏಪ್ರಿಲ್‌ಗೆ 12 ಆದಾಗ ಸುಣ್ಣವೂ ಮೂರು ಪಟ್ಟು ಬೀಳುತ್ತದೆ.

ನೊರೆ ಎಬ್ಬಿಸಿ ಹೊಲಸು ತೆಗೆಯುವ ಸ್ಕಿಮ್ಮರ್ 1000 ಲೀಟರಿಗೆ ಮೇಲ್ಪಟ್ಟದ್ದು ಇರಲಿ. ಅದು ತಾಸಿಗೆ ನೂರಾರು ಲೀಟರ್ ಗಾಳಿಯನ್ನು ಎಳೆದು ನೀರಿಗೆ ಬೆರೆಸುವ ಯಂತ್ರ, ಕೋಣೆಯ ಗಾಳಿಯಲ್ಲಿ ಏನಿದೆಯೋ ಅದೆಲ್ಲ ನೀರಿಗೆ. ಸೊಳ್ಳೆಗೆ ಹಚ್ಚುವ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಸೀಗಡಿಗೆ ವಿಷ. ಸ್ಕಿಮ್ಮರಿನ ಗಾಳಿಕೊಳವೆಯನ್ನು ಕಿಟಕಿಯಾಚೆ ಒಯ್ದು, ಬಾಯಿಗೆ ಸ್ಪಂಜ್ ತುರುಕಿ. ತೊಗರಿ ರಾಶಿಯ ದಿನಗಳಲ್ಲಿ ಆ ಸ್ಪಂಜನ್ನು ವಾರಕ್ಕೊಮ್ಮೆ ತೊಳೆಯಿರಿ. ಆ ಕೋಣೆಯಲ್ಲಿ ಸೊಳ್ಳೆಗೆ ಪರದೆ ಮಾತ್ರ. ತೊಗರಿಗೆ ಔಷಧ ಹೊಡೆದು ಬಂದ ಕೈ, ಎಷ್ಟು ತೊಳೆದಿದ್ದರೂ, ಅಂದು ಟ್ಯಾಂಕಿನೊಳಗೆ ಹೋಗಬಾರದು.

ಮೀನು ತರುವ ಕಾಲ ಗಣೇಶ ಚೌತಿಯಿಂದ ಹೋಳಿಯೊಳಗೆ. ಹೈದರಾಬಾದ್ ರಸ್ತೆಯಲ್ಲಿ ನಾಲ್ಕೈದು ತಾಸು. ಮುಂಬೈ, ಬೆಂಗಳೂರಿನಿಂದಾದರೆ ರಾತ್ರಿಯ ರೈಲು. ಥರ್ಮಾಕೋಲ್ ಪೆಟ್ಟಿಗೆ, ಜೋಡಿ ಚೀಲ, ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ದೂರದಿಂದ ಬಂದ ಚೀಲ ತೆರೆಯುವಾಗ ತಾಳ್ಮೆಯೇ ತಪ್ಪಾಗುತ್ತದೆ. ಚೀಲದಲ್ಲಿ ಮೀನಿನ ಉಸಿರಿನ ಇಂಗಾಲಾಮ್ಲ ತುಂಬಿ ಪಿಎಚ್ ಇಳಿದಿರುತ್ತದೆ, ಆ ತಗ್ಗಿದ ಪಿಎಚ್‌ನಲ್ಲಿ ಅಮೋನಿಯದ ವಿಷ ಅಡಗಿರುತ್ತದೆ. ಚೀಲ ತೆರೆದು ತಾಸುಗಟ್ಟಲೆ ಹನಿ ಹನಿ ನೀರು ಬಿಡುತ್ತ ಕೂತರೆ ಪಿಎಚ್ ಏರಿ ಆ ಅಮೋನಿಯ ವಿಷವಾಗಿ ಎದ್ದು ಕಿವಿರು ಸುಡುತ್ತದೆ. ಚೀಲವನ್ನು ಮುಚ್ಚಿದಂತೆಯೇ 20 ನಿಮಿಷ ತೇಲಿಸಿ ಶಾಖ ಹೊಂದಿಸಿ, ಅಂಗಡಿಯವರು ಹೇಳಿದ ಉಪ್ಪಿನ ಮಟ್ಟಕ್ಕೆ ಮೊದಲೇ ಸಿದ್ಧ ಮಾಡಿದ ಕ್ವಾರಂಟೈನ್ ಟ್ಯಾಂಕಿಗೆ ಮೀನನ್ನು ಮಾತ್ರ ಕೂಡಲೇ ಬಿಡಿ. ಚೀಲದ ನೀರು ಚರಂಡಿಗೆ.

ಕ್ವಾರಂಟೈನ್ ಟ್ಯಾಂಕ್ 100 ಲೀಟರ್, ಕಲ್ಲು ಮರಳಿಲ್ಲದ್ದು, ಪಿವಿಸಿ ತುಂಡುಗಳೇ ಅಡಗುತಾಣ. 30 ದಿನ. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ ದೊಡ್ಡ ಟ್ಯಾಂಕಿಗೆ ಒಮ್ಮೆ ಹೊಕ್ಕರೆ ಎಲ್ಲ ಮೀನನ್ನೂ ಹೊರತೆಗೆದು 76 ದಿನ ಖಾಲಿ ಬಿಡುವುದೇ ದಾರಿ. ತಾಮ್ರದ ಔಷಧ ಕ್ವಾರಂಟೈನಿನಲ್ಲಿ ಮಾತ್ರ.

ಮೊದಲು ಒಂದು ಜೋಡಿ ಕ್ಲೌನ್ ಮೀನು, ಸಾಕಣೆಯಲ್ಲಿ ಹುಟ್ಟಿದವೇ. ಕ್ಲೌನ್ ಮೀನು ಮರಿ ಮಾಡಿಸುವ ತಂತ್ರವನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಬೆಳೆಸಿದೆ. ಕಡಲಿನಿಂದ ಹಿಡಿದದ್ದನ್ನು ತರುವ ಅಗತ್ಯವೇ ಇಲ್ಲ. ಆಮೇಲೆ ಬಂಗ್ಗಾಯ್ ಕಾರ್ಡಿನಲ್, ಒಂದು ವಾಚ್‌ಮನ್ ಗೋಬಿ, ಫೈರ್‌ಫಿಶ್. ಪಾಚಿ ಮೇಯಲು ಒಂದು ಫಾಕ್ಸ್‌ಫೇಸ್, ಕೊನೆಗೆ ಒಂದು ಕೋಲೆ ಟ್ಯಾಂಗ್. ಮೂರು ನಾಲ್ಕು ವಾರಕ್ಕೆ ಒಂದೆರಡರಂತೆ, ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ಅಗ್ಗವೆಂದು ಡ್ಯಾಮ್ಸೆಲ್ ಹಾಕಿದರೆ ಆಮೇಲೆ ಬಂದವರನ್ನೆಲ್ಲ ಅದು ಕಚ್ಚುತ್ತದೆ, ಹಿಡಿಯಲು ಇಡೀ ಕಲ್ಲುಗುಡ್ಡ ಕೆಡವಬೇಕಾಗುತ್ತದೆ. 30 ಟರ್ಬೊ ಮತ್ತು ಟ್ರೋಕಸ್ ಬಸವನಹುಳು, ಎರಡು ಕ್ಲೀನರ್ ಸೀಗಡಿ. ಫೈರ್‌ಫಿಶ್ ಹಾರುತ್ತದೆ, ಮುಚ್ಚಳ ಬೇಕು. ಆದರೆ ಗಾಜಿನದಲ್ಲ, ಜಾಳಿಗೆಯದು. ಗಾಜು ಮುಚ್ಚಿದರೆ ಆವಿ ನಿಂತು ಮೇಲಿನ ಬಿಸಿಲಿನ ಲೆಕ್ಕವೆಲ್ಲ ಹಾಳು.

ಹವಳದ ತುಂಡುಗಳು ದೀಪಾವಳಿಯಿಂದ ಸಂಕ್ರಾಂತಿವರೆಗೆ. ಎಲ್‌ಇಡಿಯನ್ನು ನೂರಕ್ಕೆ 35ರಲ್ಲಿ ಇಟ್ಟು ವಾರಕ್ಕೆ ಐದರಂತೆ ಏರಿಸಿ, ದಿನಕ್ಕೆ 8 ತಾಸು. ಬೇಸಿಗೆಯಲ್ಲಿ ಆ 8 ತಾಸನ್ನು ರಾತ್ರಿಗೆ ಸರಿಸಿ: ಸಂಜೆ 5ಕ್ಕೆ ಹತ್ತಿ ಒಂದಕ್ಕೆ ಆರಲಿ. ಮಧ್ಯಾಹ್ನದ ಬಿಸಿಗೆ ದೀಪದ ಬಿಸಿ ಸೇರುವುದಿಲ್ಲ. ಚರ್ಮದ ಹವಳ ಬಂದ ವಾರವೇ ಮುದುಡಿ, ಮೈಮೇಲೆ ಮೇಣದ ಪೊರೆ ಕಟ್ಟಿಕೊಂಡರೆ ಸತ್ತಿತೆಂದು ಎಸೆಯಬೇಡಿ. ಅದು ಪೊರೆ ಬಿಡುತ್ತಿದೆ. ಅಲೆ ಸ್ವಲ್ಪ ಅದರತ್ತ ತಿರುಗಿಸಿ. ಹಾವಿನ ಪೊರೆಯಂತೆ ಹಾಳೆ ಹಾಳೆಯಾಗಿ ಕಳಚಿ, ಕೆಳಗಿನಿಂದ ಹೊಸ ಕೆನೆಬಣ್ಣದ ಮೈ, ಅದರ ತುಂಬ ಕೂದಲಿನಷ್ಟು ಸಣ್ಣ ಬೆರಳುಗಳು ಏಳುತ್ತವೆ.

ಬದಲಿಸಿದ ಉಪ್ಪುನೀರನ್ನು ಹಿತ್ತಿಲಿಗೆ ಚೆಲ್ಲಬೇಡಿ. ಸೋಡಿಯಂ ಸೇರಿದ ಎರೆಮಣ್ಣು ಕಲ್ಲಾಗುತ್ತದೆ, ಅಲ್ಲಿ ಮತ್ತೆ ಏನೂ ಏಳುವುದಿಲ್ಲ. ಆರ್‌ಒ ಹೊರಬಿಡುವ ಗಡಸು ನೀರು ಫರಸಿ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೀಗೆ ಹೊರಗೆ ಹೋಗುತ್ತದೆ, ಅಂದರೆ ಬೇಸಿಗೆಯ ದಿನವೊಂದಕ್ಕೆ ಸುಮಾರು 50 ಲೀಟರ್ ಬೋರಿನ ನೀರು. ನೀರಿನ ಬರ ಇರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ, ಈ ಗಡಸು ನೀರಿನ ಒಂದು ಹನಿಯನ್ನೂ ಚರಂಡಿಗೆ ಬಿಡಬಾರದು.

ಜೂನ್‌ನಲ್ಲಿ ಗಾಳಿ ತೇವವಾದ ಕೂಡಲೇ ಲೆಕ್ಕ ತಿರುಗುತ್ತದೆ. ಆವಿ 12ರಿಂದ 5 ಲೀಟರಿಗೆ ಇಳಿಯುತ್ತದೆ, ಫ್ಯಾನಿನ ಬಲ ಕುಗ್ಗುತ್ತದೆ, ಮೋಡ ಸರಿದು ಸೆಕೆ ಏರಿದ ದಿನ ನೀರು ಮೇ ತಿಂಗಳಿಗಿಂತ ಹೆಚ್ಚು ಕಾದಿರುವುದೂ ಉಂಟು. ಮಳೆ ಹಿಡಿದ ಎರಡು ವಾರ ಥರ್ಮಾಮೀಟರ್ ದಿನಕ್ಕೆರಡು ಬಾರಿ ನೋಡಿ, ಎಸಿ ತೆಗೆಯುವ ಅವಸರ ಬೇಡ. ಮೊದಲ ಎರಡು ಮಳೆ ಮಾಳಿಗೆಯ ಧೂಳು ತೊಳೆಯಲಿ. ಮೂರನೆಯದನ್ನು ಬಟ್ಟೆ ಕಟ್ಟಿದ ಡ್ರಮ್ಮಿನಲ್ಲಿ ಹಿಡಿದು ಟಿಡಿಎಸ್ ಮೀಟರ್ ಅದ್ದಿದರೆ ಬೋರಿನಲ್ಲಿ ಸಾವಿರ ತೋರಿಸಿದ ಮುಳ್ಳು ಕೆಲವೇ ಹತ್ತುಗಳಲ್ಲಿ ನಿಲ್ಲುತ್ತದೆ. ಅದನ್ನೇ ಆರ್‌ಒಗೆ ಕೊಡಿ. ಡಿಐ ರಾಳ ದೀಪಾವಳಿವರೆಗೆ ಬರುತ್ತದೆ.